ಶೇಖವ್ವನ ಹೊನ್ನೆ, ಸಾಹೇಬರ ಬೋರ್ಡು

ಲಕ್ಷ್ಮೇಶ್ವರ ಬಿಟ್ಟು ಶಿರಹಟ್ಟಿ ದಾರಿ ಹಿಡಿದರೆ ಎಡಗಡೆ ಒಂದು ಕಮಾನು ಸಿಗುತ್ತದೆ. ಅದರ ಮೇಲೆ ಎರಡು ಸಿಮೆಂಟಿನ ನವಿಲುಗಳು ಕೂತಿವೆ, ಒಂದಕ್ಕೆ ಕುತ್ತಿಗೆಯಿಲ್ಲ. ಇದೇ ನಮ್ಮ ಸಾರ್ವಜನಿಕ ಸಸ್ಯೋದ್ಯಾನ. ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಗಿಡವಲ್ಲ, ಕಲ್ಲು. ಅಡಿಗಲ್ಲು ಒಂದು, ಉದ್ಘಾಟನೆಯ ಕಲ್ಲು ಐದು. ಹನ್ನೆರಡು ಎಕರೆಯ ಒಂದೇ ತೋಟವನ್ನು ಇಪ್ಪತ್ತಾರು ವರ್ಷದಲ್ಲಿ ಐದು ಸಲ ಉದ್ಘಾಟನೆ ಮಾಡಿದ್ದಾರೆ, ಒಬ್ಬಳೇ ಹೆಣ್ಣಿಗೆ ಐದು ಸಲ ಧಾರೆ ಎರೆದ ಹಾಗೆ. ತೋಟಕ್ಕೆ ಬಾಯಿಲ್ಲ ಪಾಪ, ಸಾಕು ಬಿಡ್ರಪ್ಪಾ ಎನ್ನಲಿಲ್ಲ.

ಐದೂ ಸಲ ನೆಲ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಿ, ಗಣ್ಯರ ಕೈಗೆ ನೀರಿನ ಝಾರಿ ಕೊಟ್ಟವಳು ಮಾತ್ರ ಒಬ್ಬಳೇ, ಶಿಗ್ಲಿಯ ಶೇಖವ್ವ. ಆ ಆರು ಕಲ್ಲುಗಳ ಮೇಲೆ ನೂರಕ್ಕೂ ಮಿಕ್ಕಿ ಹೆಸರುಗಳಿವೆ. ಗೌರವ ಉಪಸ್ಥಿತಿ ಅಂತೆ, ಘನ ಅಧ್ಯಕ್ಷತೆ ಅಂತೆ, ವಿಶೇಷ ಆಹ್ವಾನಿತರು ಅಂತೆ. ಗಿಡಕ್ಕೆ ನೀರು ಹಾಕಿದವರು ಎಂಬ ಒಂದು ಸಾಲು ಎಲ್ಲೂ ಇಲ್ಲ.

ಶೇಖವ್ವ ಇಲ್ಲಿಗೆ ಬಂದಾಗ ಅವಳಿಗೆ ಇಪ್ಪತ್ನಾಲ್ಕು. ಗಂಡ ಗೌಂಡಿ ಕೆಲಸಕ್ಕೆ ಊರೂರು ತಿರುಗುವವನು. ಆಗ ಇದು ಔಷಧಿ ಸಸ್ಯೋದ್ಯಾನ. ಕಪ್ಪತ್ತಗುಡ್ಡದಿಂದ ಟ್ರ್ಯಾಕ್ಟರಿನಲ್ಲಿ ಮಧುನಾಶಿನಿ, ಅಮೃತಬಳ್ಳಿ, ಶತಾವರಿ, ನೆಲಬೇವು ಬಂದವು. ಬೆನ್ನಿಗೇ ಇನ್ನೊಂದು ಟ್ರ್ಯಾಕ್ಟರಿನಲ್ಲಿ ತಗಡಿನ ಬೋರ್ಡುಗಳು ಬಂದವು. ಪ್ರತಿ ಗಿಡದ ಮುಂದೆ ಒಂದು ಬೋರ್ಡು. ಓದು ಬರದ ಶೇಖವ್ವ ಬೋರ್ಡು ಬಿಟ್ಟು ಎಲೆಯ ಮೈ ಮುಟ್ಟಿ, ಮೂಸಿ, ಒಂದೊಂದನ್ನೇ ಗುರುತು ಹಿಡಿದಳು. ಎರಡನೇ ಬೇಸಿಗೆಯ ಹೊತ್ತಿಗೆ ಕಣ್ಣು ಮುಚ್ಚಿ ಹೇಳುತ್ತಿದ್ದಳು.

ಆಮೇಲೆ ಶುರುವಾಯಿತು ನೋಡಿ ಅಭಿವೃದ್ಧಿ! ಒಬ್ಬ ಕಂತ್ರಾಟದಾರ ಬಂದ. ಮಧುನಾಶಿನಿಯ ಬಳ್ಳಿ ಕಂಡು, ಎಂಥಾ ಕಸ ಬೆಳೆಸಿದ್ದೀರಿ ಎಂದು ಆಳು ಹಚ್ಚಿ ಬೇರುಸಹಿತ ಕೀಳಿಸಿದ. ಲಾರಿಯಲ್ಲಿ ಚಾಪೆ ಸುತ್ತಿದ ಹಾಗೆ ಹುಲ್ಲು ಬಂತು, ಕುಂಡದಲ್ಲಿ ಕ್ರೋಟನ್ ಬಂತು. ಬೋರ್ಡುಗಳನ್ನು ಮಾತ್ರ ಅವನು ಮುಟ್ಟಲಿಲ್ಲ. ಅವು ಬೇರೆ ಯೋಜನೆಯಲ್ಲಿ ಬಂದಿದ್ದವು, ಕಿತ್ತರೆ ಉತ್ತರ ಕೊಡಬೇಕು. ಹೀಗಾಗಿ ಮಧುನಾಶಿನಿ ಎಂಬ ಬೋರ್ಡಿನ ಹಿಂದೆ ಕ್ರೋಟನ್ ನಿಂತಿತು.

ಬೆಳಿಗ್ಗೆ ವಾಕಿಂಗಿಗೆ ಬರುವ ಸಕ್ಕರೆ ಕಾಯಿಲೆಯವರು ಬೋರ್ಡು ಓದಿ ದಿನಾ ಎರಡೆರಡು ಎಲೆ ಹರಿದು ಅಗಿಯತೊಡಗಿದರು. ಶೇಖವ್ವ ತಡೆಯಲಾರದೆ ಒಬ್ಬ ನಿವೃತ್ತ ಗೃಹಸ್ಥನಿಗೆ ಹೇಳಿದಳು: “ಯಣ್ಣಾ, ಅದು ಕ್ರೋಟನ್ ಐತ್ರಿ. ತಿನಬ್ಯಾಡ್ರಿ, ಬಾಯಿ ಉರೀತೈತಿ.”

ಆತ ಕನ್ನಡಕ ಏರಿಸಿದ. “ಬೋರ್ಡ್ ಓದಾಕ ಬರತೈತೇನು ನಿನಗ?”

“ಇಲ್ರಿ.”

“ಮತ್ತ ಸುಮ್ಮನ ನೀರ ಹಾಕು. ನನ್ನ ಶುಗರ್ ನಲವತ್ತು ಇಳದೈತಿ.”

ಶೇಖವ್ವ ಸುಮ್ಮನೆ ನೀರು ಹಾಕಿದಳು. ಈ ತೋಟದಲ್ಲಿ ಗಿಡಕ್ಕಿಂತ ಬೋರ್ಡು ದೊಡ್ಡದು ಎಂಬುದು ಅಂದೇ ಅವಳಿಗೆ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ.

ಮೂರನೇ ಉದ್ಘಾಟನೆಗೆ ಸಿಮೆಂಟು ಬಂತು. ಬಾಯಿ ತೆರೆದ ಕಾಂಗರೂ ಕಸದ ಡಬ್ಬಿ ಬಂತು. ಲಕ್ಷ್ಮೇಶ್ವರದ ಮಂದಿ ಹುಟ್ಟಿದಾಗಿನಿಂದ ಕಾಣದ ಡೈನೋಸಾರ್ ಬಂತು. ನೆರಳು ಕೊಡುತ್ತಿದ್ದ ಎರಡು ಬೇವಿನ ಮರ ಕಡಿಸಿ, ಆ ಜಾಗದಲ್ಲಿ ಬೇವಿನ ಬೊಡ್ಡೆಯ ಹಾಗೆಯೇ ಕಾಣುವ ಸಿಮೆಂಟಿನ ಬೆಂಚು ಕಟ್ಟಿಸಿದರು. ಬಣ್ಣ ಗೆರೆ ಎಲ್ಲ ಅದರಂತೆಯೇ. ಮಧ್ಯಾಹ್ನ ಅದರ ಮೇಲೆ ಕೂತವರು ಕುಂಡಿ ಸುಟ್ಟುಕೊಂಡು ಎದ್ದರು. ನಾಲ್ಕನೆಯದಕ್ಕೆ ಹಾಡು ಹಾಡುವ ಕಾರಂಜಿ ಬಂದು, ಬೋರ್‌ವೆಲ್ಲಿನ ನೀರೆಲ್ಲ ಅದರ ಪಾಲಾಯಿತು. ಐದನೆಯದಕ್ಕೆ ಹೃದಯದಾಕಾರದ ಕಬ್ಬಿಣದ ಚೌಕಟ್ಟು. ಅದರೊಳಗೆ ನಿಂತು ಫೋಟೊ ತೆಗೆಸಿಕೊಂಡವರಿಗೆ ಹಿಂದೆ ಗಿಡವೇ ಇಲ್ಲ, ಕಾಂಪೌಂಡ್ ಗೋಡೆ ಇದೆ ಎಂಬುದು ಮನೆಗೆ ಹೋದ ಮೇಲೆ ಗೊತ್ತಾಗುತ್ತಿತ್ತು.

ಇವುಗಳ ನಡುವೆ ವರ್ಷಕ್ಕೊಮ್ಮೆ ಪರಿಸರ ದಿನ. ಗಣ್ಯರು ಬರುತ್ತಾರೆ, ಸಸಿಯನ್ನು ಪ್ಲಾಸ್ಟಿಕ್ ಚೀಲದ ಸಮೇತ ಗುಂಡಿಯಲ್ಲಿ ಕೂರಿಸುತ್ತಾರೆ, ಫೋಟೊಗ್ರಾಫರನ ಮುಖ ನೋಡುತ್ತ ಒಂದು ಹಿಡಿ ಮಣ್ಣು ಹಾಕುತ್ತಾರೆ, ಕೈ ತೊಳೆದು ಉಪ್ಪಿಟ್ಟು ಶಿರಾ ತಿನ್ನಲು ಹೋಗುತ್ತಾರೆ. ಕಾರುಗಳ ಧೂಳು ಕೂತ ಮೇಲೆ ಶೇಖವ್ವ ಒಂದೊಂದೇ ಸಸಿಯನ್ನು ಎತ್ತಿ, ಚೀಲ ಹರಿದು, ಮತ್ತೆ ನೆಡುತ್ತಾಳೆ. ನೆಡುವಾಗ ಅವಳು ಬಯ್ಯುವ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಇಪ್ಪತ್ತು ವರ್ಷದ ಹಿಂದೆ ಹೀಗೆ ಒಂದು ಸಂಪಿಗೆ ಸಸಿ ನೆಟ್ಟು ಹೋದವರು ದೊಡ್ಡ ಸಾಹೇಬರು. ಆಗ ಅವರು ಬರೀ ಸಾಹೇಬರು, ಆಮೇಲೆ ಬೆಳೆದು ಬೆಳೆದು ದೊಡ್ಡವರಾದರು. ಅವರ ಹೆಸರು ನಾನು ಹೇಳುವುದಿಲ್ಲ, ಅವರೇ ಸಾಕಷ್ಟು ಕಡೆ ಬರೆಸಿಕೊಂಡಿದ್ದಾರೆ. ಆ ಸಂಪಿಗೆ ಶೇಖವ್ವ ಚೀಲ ಹರಿಯುವ ಮೊದಲೇ ಬೇರು ಮುರಿದುಕೊಂಡಿತ್ತು, ಎಂಟನೇ ದಿನ ಸತ್ತಿತು. ಅದರ ಗುಂಡಿ ಇದ್ದ ಜಾಗದಲ್ಲಿ ಈಗ ಗಂಡಸರ ಶೌಚಾಲಯವಿದೆ.

ಇನ್ನು ಶೇಖವ್ವನ ಗಿಡ. ಮಗಳು ಮಂಜುಳಾ ಮೊಲೆ ಬಿಟ್ಟ ವರ್ಷ, ತೋಟದ ಪಂಪು ನೋಡಿಕೊಳ್ಳುವ ಗೌಸಸಾಬ ಕಪ್ಪತ್ತಗುಡ್ಡಕ್ಕೆ ಹೋಗಿ ಬಂದವನು ಏಳು ಹೊನ್ನೆ ಕಾಯಿ ತಂದುಕೊಟ್ಟ. ತೆಳ್ಳಗೆ, ದುಂಡಗೆ, ಹಪ್ಪಳದ ಹಾಗಿನ ಕಾಯಿ. ಏಳರಲ್ಲಿ ಒಂದೇ ಒಂದು ಮೊಳೆಯಿತು. ಈ ನೆಲದಲ್ಲಿ ಹೊನ್ನೆ ಬರುವುದಿಲ್ಲ ಎಂದು ಆಗಿನ ಸಾಹೇಬ ನಕ್ಕ. ಶೇಖವ್ವ ಯಾರ ಕಣ್ಣಿಗೂ ಬೀಳದ ಮೂಲೆ ಹುಡುಕಿ, ಪಂಪಿನ ಮನೆಯ ಹಿಂದೆ ನೆಟ್ಟಳು. ಪಕ್ಕದಲ್ಲಿ ಕುತ್ತಿಗೆ ಮಟ ಒಂದು ಗಡಿಗೆ ಹೂತಳು. ಗಡಿಗೆಯ ತಳಕ್ಕೆ ಸಣ್ಣ ತೂತು, ತೂತಿಗೆ ಅರಿವೆಯ ಬತ್ತಿ. ದಿನಕ್ಕೊಮ್ಮೆ ಗಡಿಗೆ ತುಂಬಿದರೆ ನೀರು ಹನಿಹನಿಯಾಗಿ ಬೇರಿಗೇ ಇಳಿಯುತ್ತದೆ. ಗಿಡ ದೊಡ್ಡದಾದ ಹಾಗೆ ಗಡಿಗೆ ಎರಡಾದವು, ಮೂರಾದವು. ಕಾರಂಜಿಗೆ ನೀರೆಲ್ಲ ಹೋದ ಬೇಸಿಗೆಯಲ್ಲಿ ರಸ್ತೆಯಾಚೆಯ ಹೊಲದ ಬಾವಿಯಿಂದ ಕೊಡ ಹೊತ್ತಳು. ಐದೂ ಅಭಿವೃದ್ಧಿಗಳು ಪಂಪಿನ ಮನೆಯವರೆಗೆ ಬಂದು ಅಲ್ಲಿಗೇ ನಿಂತವು. ಆ ಕಡೆ ವಾಸನೆ ಬರುತ್ತದೆ ಎಂದು ಯಾರೂ ಹೋಗುತ್ತಿರಲಿಲ್ಲ. ಹೊನ್ನೆ ಮೂರಾಳು ಎತ್ತರ ಬೆಳೆದು, ಕೊಡೆ ಬಿಚ್ಚಿ ನಿಂತಿತು.

ಗಿಡ ಇಷ್ಟು ಬೆಳೆಯುವಷ್ಟರಲ್ಲಿ ಶೇಖವ್ವ ಎಷ್ಟು ಬೆಳೆದಳು? ಬಂದ ದಿನ ದಿನಗೂಲಿ, ಇಪ್ಪತ್ತಾರು ವರ್ಷದ ಮೇಲೂ ದಿನಗೂಲಿ. ಕಾಯಂ ಮಾಡಿರಿ ಎಂಬ ಅವಳ ಫೈಲು ಗದಗಕ್ಕೆ ಹೋಗುತ್ತದೆ, ಅಲ್ಲಿ ತಂಪು ಹೊತ್ತು ಕಳೆದು ತಿರುಗಿ ಬರುತ್ತದೆ. ಫೈಲು ತಿರುಗಿದಷ್ಟು ಊರು ಶೇಖವ್ವ ತಿರುಗಿಲ್ಲ. ಹಜೇರಿ ಪುಸ್ತಕದ ಕೊನೆಯ ಪುಟದಿಂದ ಮೊದಲ ಪುಟಕ್ಕೆ ತನ್ನ ಹೆಸರು ಬರಬೇಕು, ಸತ್ತರೆ ಕಾಯಂ ಆಗಿ ಸಾಯಬೇಕು ಎಂಬುದೊಂದೇ ಅವಳ ಆಸೆ.

ಹೋದ ಶ್ರಾವಣದಲ್ಲಿ ತೋಟದ ಮೇಲ್ವಿಚಾರಕ ಮುತ್ತಣ್ಣ, ಪಂಪಿನ ಮನೆಯ ಹಿಂದೆ ಮೂಗು ಮುಚ್ಚಿಕೊಂಡು ಬಂದ. ಮೂರು ವರ್ಷದಿಂದ ಇಲ್ಲಿ ಇದ್ದರೂ ಆ ಮೂಲೆಗೆ ಅವನ ಬೂಟು ಬಂದದ್ದು ಅದೇ ಮೊದಲು. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಕರವಸ್ತ್ರ.

“ಶೇಖವ್ವಾ, ಇದ್ಯಾವ ಗಿಡಾನಬೇ?”

“ಹೊನ್ನಿರಿ.”

“ಎಷ್ಟು ವರ್ಷದ್ದು?”

“ನಮ್ಮ ಮಂಜುಳಾಗಿಂತ ಒಂದೀಟು ಸಣ್ಣದು. ಇಪ್ಪತ್ತೊಂದು ಆಗಿರಬೇಕ್ರಿ.”

ಮುತ್ತಣ್ಣನ ಮುಖ ಹೋಳಿಗೆಯ ಹಾಗೆ ಉಬ್ಬಿತು. “ದೊಡ್ಡ ಸಾಹೇಬ್ರು ಗಿಡಾ ಹಚ್ಚಿ ಇಪ್ಪತ್ತು ಆತು. ಒಂದು ವರ್ಷ ಹಿಂದ ಮುಂದ ಯಾರ ಕೇಳತಾರ! ಮುಂದಿನ ಸೋಮವಾರ ಅವ್ರ ಅರವತ್ತನೇ ಹುಟ್ಟಿದ ಹಬ್ಬ. ತಾವು ಹಚ್ಚಿದ ಗಿಡದ ನೆರಳಾಗ ಕುಂತು ಮಾತಾಡಬೇಕಂತ. ನಾ ಎಲ್ಲಿ ಕುಂಡ್ರಸಲಿ, ಪಾಯಖಾನಿಯಾಗ?”

“ಇದು ನಾ ಹಚ್ಚಿದ್ದರೀ ಸಾಹೇಬ್ರ.”

“ನೀ ಹಚ್ಚಿದ್ದಿ ಅಂತ ಎಲ್ಲೆರ ಬರದೈತೇನು?”

ಎಲ್ಲೂ ಬರೆದಿರಲಿಲ್ಲ. ಮುತ್ತಣ್ಣ ದನಿ ತಗ್ಗಿಸಿದ. “ನೋಡಬೇ, ಅವ್ರೇನ ಗಿಡಾ ಕಿತ್ತ ಮನಿಗೆ ಒಯ್ಯಂಗಿಲ್ಲ. ಒಂದು ಬೋರ್ಡ್ ಕಟ್ಟೂಣು. ಅವ್ರು ಖುಷಿಯಾದ್ರಂದ್ರ ನಿನ್ನ ಕಾಯಂ ಫೈಲು ಅವ್ರ ಕೈಯಾಗನ ಕೊಡತೀನಿ. ಖರೇನ, ನನ್ನ ಮಕ್ಕಳ ಆಣಿ.”

ಕಾಯಂ ಎಂಬ ಮಾತು ಕಿವಿಗೆ ಬಿದ್ದದ್ದೇ ಶೇಖವ್ವ ಮೆತ್ತಗಾದಳು. ಇಪ್ಪತ್ತಾರು ವರ್ಷದಲ್ಲಿ ಯಾವ ಸಾಹೇಬನೂ ಆ ಮಾತನ್ನು ತಾನಾಗಿ ಬಾಯಲ್ಲಿ ಆಡಿರಲಿಲ್ಲ. ಮೊಳೆ ಹೊಡೆಯಲು ಮಾತ್ರ ಒಪ್ಪಲಿಲ್ಲ. ಗಿಡಕ್ಕೆ ನೋಯುತ್ತದೆ ಎಂದು ಜಗಳ ತೆಗೆದು, ತಾನೇ ನಾರಿನ ಹಗ್ಗ ತಂದು, ತನ್ನ ಕೈಯಾರೆ ತನ್ನ ಹೊನ್ನೆಗೆ ದೊಡ್ಡ ಸಾಹೇಬರ ಹೆಸರಿನ ಬೋರ್ಡು ಬಿಗಿದಳು.

ಗದಗಿನಲ್ಲಿ ಬಿ.ಎಡ್. ಓದುವ ಮಂಜುಳಾ ರವಿವಾರ ಮನೆಗೆ ಬಂದವಳು ಇದನ್ನು ಕೇಳಿ ರೊಟ್ಟಿ ತಟ್ಟುವುದನ್ನು ಬಿಟ್ಟು ತಾಯಿಯ ಮುಖ ನೋಡಿದಳು. “ಅವ್ವಾ, ನಾಳೆ ಯಾರರ ಕಾಯಂ ಮಾಡತೀನಿ ಅಂದ್ರ ನನಗೂ ಅವ್ರ ಹೆಸರಿನ ಬೋರ್ಡ್ ಕಟ್ಟತೀಯೇನು?”

“ಬಾಯಿ ಮುಚ್ಚ. ರೊಟ್ಟಿ ಸೀಯಾಕತ್ತಾವ ನೋಡು,” ಎಂದಳು ಶೇಖವ್ವ. ಆದರೆ ಅವತ್ತು ಅರ್ಧ ರೊಟ್ಟಿಗೇ ಕೈ ತೊಳೆದಳು.

ಸೋಮವಾರ ದೊಡ್ಡ ಸಾಹೇಬರು ಬಂದರು. ಹನ್ನೊಂದು ಕಾರು, ನಾಲ್ಕು ಕ್ಯಾಮೆರಾ, ಸೇಬಿನ ಹಾರ. ಪಂಪಿನ ಮನೆಯ ವಾಸನೆಗೆ ಅತ್ತರು ಸಿಂಪಡಿಸಿದ್ದರು. ಸಾಹೇಬರು ಹೊನ್ನೆಯ ಬುಡಕ್ಕೆ ಕೈಯಿಟ್ಟು, ಕಣ್ಣು ಒದ್ದೆ ಮಾಡಿಕೊಂಡರು. “ಇದs ನೋಡ್ರಿ, ಇದs. ನನಗ ಹಂಗ ನೆನಪೈತಿ. ಅವತ್ತ ಸಣ್ಣಗ ಮಳಿ ಇತ್ತು.” ಅವತ್ತು ಮಳೆ ಇರಲಿಲ್ಲ, ಶೇಖವ್ವನಿಗೆ ನೆನಪಿತ್ತು. ಅವಳು ಮೂರು ಮಾರು ದೂರದಲ್ಲಿ ಝಾರಿ ಹಿಡಿದು ನಿಂತಿದ್ದಳು.

ಸಾಹೇಬರು ಮೇಲೆ ಕೆಳಗೆ ನೋಡಿ ಕೇಳಿದರು: “ಭಾರಿ ಬೆಳದೈತಿ! ನೀರು ಗೀರು ಯಾರ ಹಾಕಿದ್ರು ಇದಕ್ಕ?”

ಮುತ್ತಣ್ಣ ಕೈ ಜೋಡಿಸಿದ. “ಯಾರೂ ಇಲ್ಲ ಸರ್. ಎಲ್ಲಾ ತಮ್ಮ ಕೈಗುಣ. ತಾನs ಬೆಳೀತು.”

ಶೇಖವ್ವನ ಮಾತು ತುಟಿಯ ತನಕ ಬಂತು. ‘ನಾ ಹಾಕೇನ್ರೀ’ ಎಂದರೆ ಮುಗಿದಿತ್ತು, ಎರಡೇ ಪದ. ಮುತ್ತಣ್ಣ ಕಣ್ಣು ಬಿಟ್ಟು ನೋಡಿದ. ಕಾಯಂ, ಕಾಯಂ ಎಂದು ಎದೆ ಬಡಿದುಕೊಂಡಿತು. ಅವಳು ಮಾತನ್ನು ನುಂಗಿ, ಸೆರಗು ಸರಿಪಡಿಸಿಕೊಂಡು, ಸಾಹೇಬರ ಕೈಗೆ ಝಾರಿ ಕೊಟ್ಟಳು.

ಆಮೇಲೆ ಭಾಷಣ. “ಬಂಧುಗಳೇ, ಈ ಮರಕ್ಕೆ ಇಪ್ಪತ್ತು ವರ್ಷದಲ್ಲಿ ಯಾರೂ ಒಂದು ಹನಿ ನೀರು ಹಾಕಿಲ್ಲ. ನಮ್ಮ ಮಣ್ಣಿನ ಮರ, ನಮ್ಮ ಮಣ್ಣಿನ ಶಕ್ತಿಯಿಂದ ಬೆಳೆದಿದೆ. ಹಾಗಿದ್ದ ಮೇಲೆ ಉದ್ಯಾನಗಳಲ್ಲಿ ನೀರು ಹಾಕುವವರು ಯಾಕೆ ಬೇಕು? ತಾನೇ ಬೆಳೆಯುವ ಉದ್ಯಾನ, ಇದೇ ನನ್ನ ಕನಸು!” ಚಪ್ಪಾಳೆ ಬಿತ್ತು. ಶೇಖವ್ವನೂ ತಟ್ಟಿದಳು. ಇಪ್ಪತ್ತಾರು ವರ್ಷ ಎಲ್ಲ ಭಾಷಣಕ್ಕೂ ತಟ್ಟಿದ ಕೈ, ಏನು ಹೇಳಿದರು ಎಂದು ಕಾಯದೆ ತಾನಾಗಿ ತಟ್ಟಿತು.

ತಿಂಗಳೊಪ್ಪತ್ತಿನಲ್ಲಿ ಆದೇಶ ಬಂತು. ತೋಟವನ್ನು ‘ನಿರ್ವಹಣೆ ಬೇಡದ ಮಾದರಿ ಉದ್ಯಾನ’ ಎಂದು ಆರಿಸಲಾಗಿದೆ, ಶೇಖವ್ವ ಸೇರಿ ನೀರು ಹಾಕುವ ಆರೂ ಜನರ ಸೇವೆ ಇನ್ನು ಅಗತ್ಯವಿಲ್ಲ. ಕಾರಂಜಿಗೆ ಮಾತ್ರ ನೀರು ಮುಂದುವರಿಯಬೇಕು, ಏಕೆಂದರೆ ಅದು ಗಿಡವಲ್ಲ, ತಾನಾಗಿ ಹಾರುವುದಿಲ್ಲ. ಹೀಗಾಗಿ ಪಂಪಿನ ಗೌಸಸಾಬ ಉಳಿದ.

ಶೇಖವ್ವ ಮುತ್ತಣ್ಣನ ಮೇಜಿನ ಮುಂದೆ ಹೋಗಿ ನಿಂತಳು. “ಸಾಹೇಬ್ರ, ಕಾಯಂ ಮಾಡತೀನಂದ್ರಿ. ಇದ್ದದ್ದೂ ಹೋತಲ್ರೀ. ಆ ಗಿಡಕ್ಕ ನಾ ನೀರು ಹಾಕೇನಿ ಅಂತ ಈಗರ ಹೇಳ್ರಿ ಅವ್ರಿಗೆ.”

“ಅವತ್ತ ಹೇಳಬೇಕಿಲ್ಲೇನು, ಎದುರಿಗೇ ಇದ್ದಿ? ಈಗ ಹೇಳಿದ್ರ ಸಾಹೇಬ್ರು ಸುಳ್ಳ ಹೇಳ್ಯಾರ ಅಂದಂಗ ಆಗತೈತಿ. ನನ್ನ ಮನಿ ಮುಳಗಸಬ್ಯಾಡಬೇ ಯವ್ವಾ.” ಮುತ್ತಣ್ಣ ಇಷ್ಟು ಹೇಳಿ ಕಣ್ಣು ಫೈಲಿಗೆ ಹಾಕಿದ. ತನ್ನ ಮನೆ ಮುಳುಗಿದ್ದು ಅವನಿಗೆ ಕಾಣಲಿಲ್ಲವೇ ಎಂದು ಶೇಖವ್ವ ಬಾಗಿಲಲ್ಲಿ ನಿಂತು ಕೇಳಿದಳು. ಅವನು ಫೈಲಿನ ಪುಟ ಮಗುಚಿದ. ಬಸ್ಸಿನಲ್ಲಿ ಶಿಗ್ಲಿಯ ತನಕ ಅತ್ತಳು.

ಎರಡು ವಾರದ ಮೇಲೆ ಲಕ್ಷ್ಮೇಶ್ವರದಲ್ಲಿ ಕಾಳಿನ ವ್ಯಾಪಾರಿ ಕೊಟ್ರಪ್ಪ ಹೊಸದಾಗಿ ಕಟ್ಟಿಸಿದ ಕಲ್ಯಾಣ ಮಂಟಪದಲ್ಲಿ ಕೆಲಸ ಸಿಕ್ಕಿತು. ತೋಟದಲ್ಲಿ ಇದ್ದವಳು ಎಂದು ಅವನು ಅವಳಿಗೆ ಗಿಡಗಳನ್ನೇ ವಹಿಸಿದ. ಗೋಡೆ ತುಂಬ ಬಳ್ಳಿ, ಕಂಬ ತುಂಬ ಹೂ, ಬಾಗಿಲ ಅಕ್ಕಪಕ್ಕ ಆಳೆತ್ತರದ ಬಿದಿರು. ಎಲ್ಲ ಪ್ಲಾಸ್ಟಿಕ್ಕು.

“ಇವು ಸಾಯಂಗಿಲ್ಲಬೇ. ಹಸೀ ಅರಿವಿಲೆ ಧೂಳಾ ಒರಸು, ಸಾಕು. ತಿಂಗಳ ಪಗಾರ, ವರ್ಷಕ್ಕೊಂದು ಸೀರಿ. ಕಾಯಂ ಅನ್ಕೊ,” ಎಂದ ಕೊಟ್ರಪ್ಪ.

ಅಂತೂ ಕಾಯಂ ಆದಳು ಶೇಖವ್ವ! ನೀರು ಬೇಡದ ಗಿಡಕ್ಕೆ ಮಾಲಿಯಾಗಿ. ಮೊದಲ ದಿನ ಅಭ್ಯಾಸ ಬಲದಿಂದ ಒಂದು ಎಲೆ ಚಿವುಟಿ ಮೂಸಿ ನೋಡಿದಳು. ಚಪ್ಪಲಿ ಅಂಗಡಿಯ ವಾಸನೆ ಬಂತು.

ಇತ್ತ ತೋಟದ ಗತಿ ಹೇಳಬೇಕೆ? ಸಂಕ್ರಾಂತಿಗೆ ಹುಲ್ಲು ಕೆಂಪಾಯಿತು, ಶಿವರಾತ್ರಿಗೆ ಬೆಳ್ಳಗಾಯಿತು. ಗುಲಾಬಿ ಕಡ್ಡಿಯಾಯಿತು. ಕ್ರೋಟನ್ನೂ ಹೋಯಿತು, ವಾಕಿಂಗಿನವರ ಸಕ್ಕರೆ ಏನಾಯಿತೋ ತಿಳಿಯಲಿಲ್ಲ. ಅಂಥದರಲ್ಲಿ, ದೊಡ್ಡ ಸಾಹೇಬರು ಬೇರೆ ಊರಿನ ಅಧಿಕಾರಿಗಳನ್ನು ಕರೆದುಕೊಂಡು ಈ ಮಾದರಿ ಉದ್ಯಾನವನ್ನು ತೋರಿಸಲು ಬರುತ್ತಾರೆ ಎಂಬ ಖಬರು ಬಂತು. ಮುತ್ತಣ್ಣ ಸತ್ತ ಹುಲ್ಲಿಗೆ ಹಸಿರು ಬಣ್ಣ ಹೊಡೆಸಿದ. ಅದಾದ ಮೇಲೆ ಪಂಪಿನ ಮನೆಯ ಹಿಂದೆ ಹೋಗಿ ನೋಡಿದವನು ತಲೆಯ ಮೇಲೆ ಕೈ ಹೊತ್ತು ಕೂತ. ಹೊನ್ನೆಯ ಮೇಲೆ ಒಂದು ಎಲೆ ಇಲ್ಲ. ಬರೀ ಕಟ್ಟಿಗೆ.

ಹೊನ್ನೆ ಪ್ರತಿ ಬೇಸಿಗೆ ಹೀಗೇ. ಶಿವರಾತ್ರಿಗೆ ಎಲ್ಲ ಎಲೆ ಉದುರಿಸಿ ಬತ್ತಲೆ ನಿಲ್ಲುತ್ತದೆ, ಯುಗಾದಿ ಆಚೀಚೆ ಎಳೆಚಿಗುರು ಹೊತ್ತು ನಗುತ್ತದೆ. ಗುಡ್ಡದ ಕಡೆಯ ಯಾವ ಕುರಿಗಾರನನ್ನು ಕೇಳಿದರೂ ಹೇಳುತ್ತಾನೆ. ಮುತ್ತಣ್ಣ ಮೂರು ವರ್ಷ ಸಸ್ಯೋದ್ಯಾನ ನಡೆಸಿದವನು, ಅವನಿಗೆ ಹೇಗೆ ಗೊತ್ತಿರಬೇಕು? ನೇರ ಲಕ್ಷ್ಮೇಶ್ವರಕ್ಕೆ, ಮಂಟಪಕ್ಕೆ ಬಂದ. ಶೇಖವ್ವ ಏಣಿ ಹತ್ತಿ ಪ್ಲಾಸ್ಟಿಕ್ ಮಲ್ಲಿಗೆ ಒರೆಸುತ್ತಿದ್ದಳು.

“ಶೇಖವ್ವಾ, ಸಾಹೇಬ್ರ ಗಿಡಾ ಒಣಗೇತಿಬೇ. ಒಂದೆಲಿ ಇಲ್ಲ. ನಾಡದ ಬರತಾರ. ಏನ ಮಾಡಲಿ ಹೇಳ.”

ಶೇಖವ್ವ ಏಣಿಯ ಮೇಲಿಂದ ಅವನ ಬೆವತ ಮುಖ ನೋಡಿದಳು. ‘ಯುಗಾದಿ ತನಕ ತಡೀರಿ, ಚಿಗುರತೈತಿ’ ಎಂದರೆ ಸಾಕಿತ್ತು. ಆದರೆ ಏಳು ತಿಂಗಳ ಸಿಟ್ಟು ಇನ್ನೂ ಆರಿರಲಿಲ್ಲ. ಬೆವರಲಿ ಮಗ, ಇನ್ನೂ ಬೆವರಲಿ ಎನಿಸಿತು.

“ನನಗೇನ ಗೊತ್ತರಿ? ಬೋರ್ಡಿನ್ಯಾಗ ಹೆಸರೈತಲ್ಲ, ಅವ್ರನ್ನ ಕೇಳ್ರಿ. ತಾನs ಬೆಳದ ಗಿಡಾ, ತಾನs ಒಣಗೇತಿ,” ಎಂದು ಮತ್ತೆ ಒರೆಸತೊಡಗಿದಳು.

ಮುತ್ತಣ್ಣ ಬಾಲ ಮುದುರಿಕೊಂಡು ಹೋದ. ಶೇಖವ್ವನಿಗೆ ಹಬ್ಬ. ಮಂಟಪದ ಅಡಿಗೆಯ ಹೆಂಗಸರಿಗೆ ಮೂರು ಸಲ, ಬಸ್ಸಿನಲ್ಲಿ ಎರಡು ಸಲ, ಫೋನಿನಲ್ಲಿ ಮಂಜುಳಾಗೆ ಒಂದು ಸಲ ಆ ಮಾತನ್ನು ಮುತ್ತಣ್ಣನ ಮುಖಭಾವದ ಸಮೇತ ಆಡಿ ತೋರಿಸಿದಳು. ಎಲ್ಲರೂ ನಕ್ಕರು. ಅವತ್ತು ಎರಡು ರೊಟ್ಟಿ ಹೆಚ್ಚೇ ಉಂಡಳು.

ಮೂರನೇ ದಿನ ಬೆಳಿಗ್ಗೆ ಶಿಗ್ಲಿಯ ಮನೆಯಲ್ಲಿ ಫೋನು ಬಂತು. ಗೌಸಸಾಬ. ಕಾರಂಜಿಯ ಮೋಟಾರು ರಿಪೇರಿಗೆಂದು ಎರಡು ದಿನ ಗದಗದಲ್ಲಿ ಇದ್ದವನು ಆಗಷ್ಟೇ ತೋಟಕ್ಕೆ ಬಂದಿದ್ದ.

“ಶೇಖವ್ವಾ, ಜಲ್ದಿ ಬಾ! ಹೊನ್ನಿ ಕಡ್ಯಾಕತ್ಯಾರ. ಸತ್ತಿಲ್ಲೋ ಮಾರಾಯಾ ಅಂದೆ, ಮುದುಕಾ ನೀ ಪಂಪ್ ನೋಡ ಹೋಗು ಅಂತಾರ. ಒಣಗಿದ ಗಿಡಾ ಸಾಹೇಬ್ರ ಕಣ್ಣಿಗೆ ಬೀಳಬಾರದಂತ, ಅಪಶಕುನ ಅಂತ.”

ಶೇಖವ್ವ ಒಲೆಯ ಮೇಲಿನ ಚಹಾ ಹಾಗೇ ಬಿಟ್ಟು ಓಡಿದಳು. ಬಸ್ಸು ಹೋಗಿತ್ತು. ಟಂಟಂ ಆಟೊ ಹತ್ತಿ ಲಕ್ಷ್ಮೇಶ್ವರಕ್ಕೆ, ಅಲ್ಲಿಂದ ಇನ್ನೊಂದು ಹತ್ತಿ ತೋಟಕ್ಕೆ. ದಾರಿಯುದ್ದಕ್ಕೂ ಡ್ರೈವರನನ್ನು ಬಯ್ದಳು, ಮುತ್ತಣ್ಣನನ್ನು ಬಯ್ದಳು. ತೋಟ ಹತ್ತಿರವಾದಂತೆ ಬೈಗುಳಗಳೆಲ್ಲ ತನ್ನ ಮೇಲೇ ತಿರುಗಿದವು.

ಹೋಗುವಷ್ಟರಲ್ಲಿ ಮುಗಿದಿತ್ತು. ಹೊನ್ನೆ ಅಡ್ಡ ಬಿದ್ದಿತ್ತು. ಕಡಿದ ಇಬ್ಬರು ಗರಗಸ ಬಿಸಾಡಿ ದೂರ ಸರಿದು ನಿಂತಿದ್ದರು. ಒಬ್ಬ ಕೆಂಪಾದ ಕೈ ತೋರಿಸಿ, “ಯಪ್ಪಾ, ರಕ್ತಾ ಬರಾಕತ್ತೇತ್ರಿ,” ಎನ್ನುತ್ತಿದ್ದ. ಹೌದು. ಬುಡದ ಗಾಯದಿಂದ ಕೆಂಪಗೆ, ದಪ್ಪಗೆ ರಸ ಉಕ್ಕಿ ತೊಗಟೆಯ ಮೇಲೆ ಇಳಿದು ಮಣ್ಣಿಗೆ ಹರಿಯುತ್ತಿತ್ತು. ಜೀವವಿರುವ ಹೊನ್ನೆಯನ್ನು ಕಡಿದರೆ ಹೀಗೇ. ಸತ್ತ ಮರದಲ್ಲಿ ಒಂದು ಹನಿಯೂ ಬರುವುದಿಲ್ಲ.

ಮುತ್ತಣ್ಣ ಬುಡದ ಹತ್ತಿರ ಬಗ್ಗಿ ನೋಡಿದ. “ಇದು... ಜೀವಾ ಇತ್ತೇನಬೇ?”

“ಹದಿನೈದ ದಿನಾ ತಡದಿದ್ರ ಚಿಗುರತಿತ್ತು! ವರ್ಷಾ ಉದರಸತೈತಿ, ವರ್ಷಾ ಚಿಗುರತೈತಿ. ಕಣ್ಣ ಇಲ್ಲೇನ ನಿಮಗ? ಹೊಟ್ಟಿಗೆ ಏನ ತಿಂತೀರಿ ನೀವು?” ಶೇಖವ್ವ ಎದೆ ಬಡಿದುಕೊಂಡು ಕೂಗಿದಳು.

“ಮತ್ತ ಅವತ್ತ ಕೇಳಾಕ ಬಂದಿದ್ನೆಲ್ಲ,” ಎಂದ ಮುತ್ತಣ್ಣ, ನಿಜವಾಗಿ ಅರ್ಥವಾಗದವನ ಹಾಗೆ. “ಯಾಕ ಹೇಳಲಿಲ್ಲ ನೀ?”

ಶೇಖವ್ವ ಎದೆ ಬಡಿಯುತ್ತಿದ್ದ ಕೈ ಇಳಿಸಿದಳು.

ಅಷ್ಟರಲ್ಲಿ ಕಾರುಗಳ ಹಾರ್ನು ಕೇಳಿತು. ದೊಡ್ಡ ಸಾಹೇಬರು ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದರು. ಆಳುಗಳು ಗಡಬಡಿಸಿ ಬಿದ್ದ ಹೊನ್ನೆಯ ಮೇಲೆ, ಬುಡದ ಮೇಲೆ ಶಾಮಿಯಾನದ ಬಟ್ಟೆ ಹೊದಿಸಿದರು. ಬೋರ್ಡು ಆಗಲೇ ಹತ್ತು ಹೆಜ್ಜೆ ಆಚೆಯ ಒಂದು ಹೊಂಗೆಯ ಮರ ಸೇರಿತ್ತು, ಈ ಸಲ ಮೊಳೆ ಹೊಡೆದೇ. ಸಾಹೇಬರು ನೇರ ಅಲ್ಲಿಗೆ ಹೋದರು. ಹೊಂಗೆಯ ಬುಡಕ್ಕೆ ಕೈಯಿಟ್ಟರು. ಜತೆಗೆ ಬಂದವರ ಕಡೆ ತಿರುಗಿದರು, ಕಣ್ಣು ಒದ್ದೆ ಮಾಡಿಕೊಂಡರು.

“ಇದs ನೋಡ್ರಿ, ನಾ ಹಚ್ಚಿದ್ದು. ನನಗ ಹಂಗ ನೆನಪೈತಿ. ಹೋದ ಸಲಕ್ಕಿಂತ ಎಷ್ಟ ಚಂದ ಬೆಳದೈತಿ!”

ಅವರಿಗೆ ಹೊನ್ನೆ ಗೊತ್ತಿರಲಿಲ್ಲ, ಹೊಂಗೆ ಗೊತ್ತಿರಲಿಲ್ಲ. ಬೋರ್ಡು ಮಾತ್ರ ಗೊತ್ತಿತ್ತು. ಒಣ ಹೊನ್ನೆ ಅಲ್ಲೇ ನಿಂತಿದ್ದರೂ ಅವರು ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. ಕಡಿಯುವ ಕಾರಣವೇ ಇರಲಿಲ್ಲ! ಶೇಖವ್ವನಿಗೆ ಇದು ಆಗ ಹೊಳೆಯಿತು. ಜನರನ್ನು ಸರಿಸಿಕೊಂಡು ಮುಂದೆ ಹೋದಳು. ಮುತ್ತಣ್ಣ ಸೆರಗು ಹಿಡಿದು ಎಳೆದ, ಕೊಡವಿಕೊಂಡಳು.

“ಸಾಹೇಬ್ರ, ಅದು ನಿಮ್ಮ ಗಿಡಾ ಅಲ್ಲ. ಹೋದ ಸಲ ನೀವು ಮುಟ್ಟಿದ್ದು ಅಗಾ ಅಲ್ಲಿ ಅರಿವಿ ಕೆಳಗ ಬಿದ್ದೈತಿ. ಅದೂ ನಿಮ್ಮದಲ್ಲ. ನಾ ಹಚ್ಚಿದ್ದು. ಇಪ್ಪತ್ತೊಂದು ವರ್ಷ ಅದಕ್ಕ ನೀರು ಹಾಕಿದಾಕಿ ನಾನು. ಯಾರೂ ಹಾಕಿಲ್ಲ ಅಂದ್ರಲ್ಲ, ನಾ ಹಾಕೇನಿ.”

ದೊಡ್ಡ ಸಾಹೇಬರು ಅವಳ ಮಾತನ್ನು ಕೊನೆಯವರೆಗೂ ಕೇಳಿದರು. ಕೇಳುವುದರಲ್ಲಿ ಅವರದು ನುರಿತ ಮುಖ. ಆಮೇಲೆ ಎರಡೂ ಕೈ ಜೋಡಿಸಿ, ಪ್ರೀತಿಯಿಂದ ತಲೆಯಾಡಿಸಿದರು. “ಆತವ್ವಾ, ಆತು. ಒಂದು ಅರ್ಜಿ ಬರದ ಕೊಡು. ನೋಡೂಣು, ಮಾಡೂಣು.” ಪಕ್ಕದವರು ಅವಳನ್ನು ಮೆಲ್ಲಗೆ ಬದಿಗೆ ಸರಿಸಿದರು. ಹೊಂಗೆಯ ಮುಂದೆ ಫೋಟೊ ಆಯಿತು. ಬಂದ ಅಧಿಕಾರಿಗಳು ಬಣ್ಣ ಹೊಡೆದ ಹುಲ್ಲನ್ನು ದೂರದಿಂದಲೇ ಮೆಚ್ಚಿ ಬರೆದುಕೊಂಡರು. ಕಾರುಗಳು ಹೋದವು, ಮುತ್ತಣ್ಣ ಅವುಗಳ ಹಿಂದೆ ಕಮಾನಿನ ತನಕ ಓಡಿದ.

ಶೇಖವ್ವ ಶಾಮಿಯಾನದ ಬಟ್ಟೆ ಎಳೆದು ಬಿಸಾಕಿದಳು. ಬಟ್ಟೆಗೂ ಕೆಂಪು ಹತ್ತಿತ್ತು. ಬುಡದ ಪಕ್ಕದಲ್ಲಿ ಕೂತು, ಹಸಿಮಣ್ಣು ಕಲಸಿ ಗಾಯಕ್ಕೆ ಮೆತ್ತತೊಡಗಿದಳು. ಮೆತ್ತಿದಷ್ಟೂ ಒಳಗಿನಿಂದ ರಸ ಜಿನುಗಿ ಮಣ್ಣು ಕೆಂಪಾಗುತ್ತಿತ್ತು. ಗೌಸಸಾಬ ಯಾರನ್ನೂ ಕೇಳದೆ ಕಾರಂಜಿಯ ನೀರು ಬಂದ್ ಮಾಡಿ, ಒಂದು ಬಕೆಟ್ ತುಂಬಿ ತಂದು ಅವಳ ಪಕ್ಕದಲ್ಲಿಟ್ಟ. ಅವಳನ್ನು ಹೇಗೆ ಸಮಾಧಾನ ಮಾಡಬೇಕೋ ಆ ಮುದುಕನಿಗೆ ತಿಳಿಯಲಿಲ್ಲ.

“ಹೋಗ್ಲಿ ಬಿಡು ಶೇಖವ್ವಾ. ಅಷ್ಟ ಮಂದಿ ಮುಂದ ಎದಿ ಗಟ್ಟಿ ಮಾಡಿ ಹೇಳಿಬಿಟ್ಟೆಲ್ಲ.”

ಶೇಖವ್ವ ತಲೆ ಎತ್ತಲಿಲ್ಲ. “ಹೇಳಿದ್ನೆಪಾ ಗೌಸಣ್ಣಾ,” ಎಂದಳು. “ಇದು ಬಿದ್ದ ಮ್ಯಾಲ ಹೇಳಿದೆ.”